ಆ ಹ್ಯಾಂಡಲ್ ಕೇಳಿ ತಗೋ, ತಂಗಿ

ತಂಗೀ,

ನಿನ್ನೆ ಫೋನಿನಲ್ಲಿ ಮಾತಾಡುವಾಗ ಎರಡು ಸಲ "ತಡಿ ಚಿಕ್ಕವ್ವ" ಅಂತ ಆ ಕಿವಿಯಿಂದ ಈ ಕಿವಿಗೆ ಬದಲಿಸಿದೆ. ಕುತ್ತಿಗೆ ಹಿಡಿದಿದೆ ಅಂತ ಅಲ್ಲೇ ಗೊತ್ತಾಯಿತು. ನಿನ್ನ ಹಾಗೇ ನರ್ಸ್ ಆಗಿ 31 ವರ್ಷ ವಾರ್ಡಿನಲ್ಲಿ ಕಳೆದವಳ ಹತ್ತಿರ ಇದನ್ನು ಮುಚ್ಚಿಡೋಕೆ ಆಗುತ್ತಾ? ಆಮೇಲೆ ನೀನೇ ಬಾಯಿ ಬಿಟ್ಟೆ, ಡ್ಯೂಟಿ ರೂಮಿನಲ್ಲಿ ಗೆಳತಿಯ ಕೈಲಿ ನೋವಿನ ಇಂಜೆಕ್ಷನ್ ಡೈಕ್ಲೋಫಿನಾಕ್ ಚುಚ್ಚಿಸಿಕೊಂಡು ಮತ್ತೆ ಐಸಿಯುಗೆ ಹೋದೆ ಅಂತ. ಈ ತಿಂಗಳಲ್ಲಿ ಮೂರನೇ ಸಲ! ಫೋನಿನಲ್ಲೇ ಬೈದರೆ "ರೌಂಡ್ಸ್ ಬಂತು" ಅಂತ ಇಟ್ಟುಬಿಡುತ್ತೀಯ, ಅದಕ್ಕೇ ವಿಜಯಪುರದಿಂದ ಪತ್ರ ಬರೀತಿದ್ದೇನೆ.

ಅದನ್ನೇ ರೋಗಿಗೆ ಕೊಡುವಾಗ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಎಷ್ಟಿದೆ, ಹೊಟ್ಟೆಯಲ್ಲಿ ಹುಣ್ಣಿದೆಯಾ ಅಂತ ಹತ್ತು ಸಲ ನೋಡುವ ನಾವು, ನಮಗೇ ನೋವು ಬಂದಾಗ ಊಟ ಇಲ್ಲ ನೀರಿಲ್ಲ, ಆಂಪ್ಯೂಲ್ ಮುರಿದು ಚುಚ್ಚಿಕೊಳ್ಳುತ್ತೇವೆ. ನೋವು ಅಡಗಿದ ಆ ನಾಲ್ಕೈದು ತಾಸು ಮತ್ತೆ ಹಾಗೇ ಬಗ್ಗಿ ಕೆಲಸ ಮಾಡುತ್ತೇವೆ. ನಾನೂ ಮಾಡಿದ್ದೇನೆ, ಸುಳ್ಳೇಕೆ ಹೇಳಲಿ.

ತಲೆ ಅಂದರೆ ಸುಮಾರು 5 ಕೆಜಿ ಭಾರ. ನೆಟ್ಟಗೆ ನಿಂತಾಗ ಕುತ್ತಿಗೆಯ 7 ಮೂಳೆಗಳ ಮೇಲೆ ಆರಾಮಾಗಿ ಕೂತಿರುತ್ತೆ. ತುಂಬಿದ ಕೊಡ ಸೊಂಟದ ಮೇಲಿದ್ದರೆ ಅಷ್ಟು ಭಾರ ಅನಿಸಲ್ಲ, ಅದನ್ನೇ ಕೈ ಚಾಚಿ ಹಿಡಿ ನೋಡು. 2014ರಲ್ಲಿ ಅಮೆರಿಕದ ಒಬ್ಬ ಬೆನ್ನುಮೂಳೆ ಸರ್ಜನ್ ಲೆಕ್ಕ ಹಾಕಿದ್ದರು, 60 ಡಿಗ್ರಿ ಬಗ್ಗಿದರೆ ಕುತ್ತಿಗೆಗೆ 27 ಕೆಜಿ ಹತ್ತಿರದ ಹೊರೆ ಬೀಳುತ್ತೆ ಅಂತ. ಅದು ಕಂಪ್ಯೂಟರಿನ ಲೆಕ್ಕ, ಅಳೆದು ನೋಡಿದ್ದಲ್ಲ, ಆದರೂ 50 ಕೆಜಿ ಜೋಳದ ಚೀಲದ ಅರ್ಧಕ್ಕಿಂತ ಜಾಸ್ತಿ ಆಯ್ತಲ್ವಾ. ನರಕ್ಕೆ ಕ್ಯಾನುಲಾ ಹಾಕೋಕೆ, ಸಕ್ಷನ್ ಮಾಡಿ ಕಫ ತೆಗೆಯೋಕೆ, ತಾಸಿಗೊಮ್ಮೆ ಯೂರೋಬ್ಯಾಗಿನ ಮೂತ್ರ ಅಳೆಯೋಕೆ, ಚಾರ್ಟ್ ಬರೆಯೋಕೆ ದಿನಕ್ಕೆ ಎಷ್ಟು ಸಲ ಬಗ್ಗುತ್ತೀಯ, ಎಣಿಸಿದ್ದೀಯಾ? ಅದು ಸಾಲದು ಅಂತ ಡ್ಯೂಟಿ ಮುಗಿಸಿ ಮೊಬೈಲ್ ಮೇಲೆ ಬೇರೆ ಬಗ್ಗುತ್ತೀಯ.

ನಾನಿದ್ದ ಆಸ್ಪತ್ರೆಯಲ್ಲಿ ಹನ್ನೆರಡು ಮಂಚಕ್ಕೆ ಒಂದೇ ಕ್ರ್ಯಾಂಕ್ ಹ್ಯಾಂಡಲ್ ಇತ್ತು. ಅದೂ ಸ್ಟೋರಿನಲ್ಲಿ. ಮಂಚ ಎತ್ತರಿಸಬೇಕು ಅಂದರೆ ಆಯಾಳನ್ನು ಕಳಿಸಬೇಕು, ಅವಳು ಬರುವಷ್ಟರಲ್ಲಿ ಡ್ರೆಸಿಂಗ್ ಮುಗಿದಿರುತ್ತಿತ್ತು. ಹನ್ನೊಂದು ವರ್ಷ ಹಾಗೇ ಬಗ್ಗಿದೆವು, ಯಾರೂ ಕೇಳಲಿಲ್ಲ, ಕೇಳಿದರೆ "ಕೆಲಸಗಳ್ಳಿ" ಅಂತಾರೆ ಅಂತ. ಕೊನೆಗೆ ನನ್ನ ಬಲಗೈ ಜೋಮು ಹಿಡಿದು ಮೆಡಿಸಿನ್ ಟ್ರೇ ಕೈಯಿಂದ ಬಿದ್ದ ದಿನ ಸಿಟ್ಟು ಬಂತು. ಅರ್ಧ ಹಾಳೆ ಅರ್ಜಿ ಬರೆದುಕೊಟ್ಟೆ. ಒಂದು ವಾರದಲ್ಲಿ ಆರು ಹ್ಯಾಂಡಲ್ ಬಂದವು! ಹನ್ನೊಂದು ವರ್ಷ ಸುಮ್ನೆ ಕೂತಿದ್ದಕ್ಕೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ನಿನ್ನ ಐಸಿಯು ಮಂಚಗಳಿಗೆ ಬಟನ್ ಇದೆ ಅಂತೀಯ. ಮತ್ತೆ ಒತ್ತೋಕೇನು ದಾಡಿ? ಮಂಚವನ್ನು ನಿನ್ನ ಸೊಂಟದ ಮಟ್ಟಕ್ಕೆ ತಂದುಕೊ, ಕೆಲಸ ಮುಗಿದ ಮೇಲೆ ಮರೆಯದೆ ಇಳಿಸು. ಕೆಟ್ಟಿರುವ ಎರಡು ಮಂಚದ ಬಗ್ಗೆ ಬರೆದು ಕೊಡು, ಬಾಯಲ್ಲಿ ಹೇಳಿದ್ದು ಶಿಫ್ಟ್ ಬದಲಾಗುವಷ್ಟರಲ್ಲಿ ಗಾಳಿಗೆ ಹೋಗುತ್ತೆ. ನರ ಹುಡುಕುವಾಗ ಸ್ಟೂಲ್ ಎಳೆದುಕೊಂಡು ಕೂತುಕೊ, ರೋಗಿಯ ಕೈ ಕೆಳಗೆ ದಿಂಬು ಇಟ್ಟು ಎತ್ತರಿಸು. ಕೂತು ಕೆಲಸ ಮಾಡಿದರೆ ಸಿಸ್ಟರ್ ಸೋಮಾರಿ ಅಂತ ಅಂದುಕೊಳ್ಳುವವರು ಅಂದುಕೊಳ್ಳಲಿ. ರೋಗಿಯನ್ನು ಮೇಲೆ ಸರಿಸುವಾಗ ಒಬ್ಬಳೇ ಕಂಕುಳಿಗೆ ಕೈ ಹಾಕಿ ಎಳೆಯಬೇಡ, ರೋಗಿಯ ಕೆಳಗೆ ಅಡ್ಡ ಹಾಸಿದ ಡ್ರಾಶೀಟ್ ಹಿಡಿದು ಎರಡೂ ಕಡೆಯಿಂದ ಒಟ್ಟಿಗೆ ಸರಿಸಿ. ಹಿರಿಯರು "ತಾಯಿ, ಹಿಡಕೋ" ಅಂತ ಕೊರಳಿಗೇ ಜೋತು ಬೀಳುತ್ತಾರೆ, ಪಾಪ ಅನಿಸುತ್ತೆ, ಆದರೂ ಕೊರಳು ಕೊಡಬೇಡ.

ಕುತ್ತಿಗೆಗೆ ಕಾಲರ್ ಪಟ್ಟಿ ಹಾಕಿಕೊಳ್ಳಲಾ ಅಂತ ಕೇಳಿದೆಯಲ್ಲ, ನೀನಾಗೇ ಬೇಡ. ತಿಂಗಳುಗಟ್ಟಲೆ ಹಾಕಿದರೆ ಸ್ನಾಯು ಸೊರಗುತ್ತೆ. ಇಂಥ ನೋವು ಹೆಚ್ಚಿನವರಿಗೆ ಕೆಲವು ವಾರದಲ್ಲಿ ಇಳಿಯುತ್ತೆ. ಮಲಗಿಬಿಡದೆ ಮೆಲ್ಲಗೆ ಆಡಿಸುತ್ತಿರು, ಗದ್ದ ಒಳಕ್ಕೆ ಎಳೆದು ಐದೆಣಿಸಿ ಬಿಡು. ನಿನ್ನ ಕಾಕಾ ಕತ್ತು ಲಟಕ್ ಅನ್ನಿಸುವವರ ಹತ್ತಿರ ಕರೆದುಕೊಂಡು ಹೋಗ್ತೀನಿ ಅಂತಿದ್ದಾರೆ, ಕಿವಿಗೆ ಹಾಕಿಕೊಳ್ಳಬೇಡ. ಅಪರೂಪಕ್ಕೆ ಹಾಗೆ ತಿರುಚಿದಾಗ ಕುತ್ತಿಗೆಯ ರಕ್ತನಾಳ ಹರಿದು ಲಕ್ವ ಹೊಡೆದದ್ದೂ ಉಂಟು. ಆದರೆ ಕೈಗೆ ಜೋಮು ಬಂದರೆ, ಹಿಡಿತ ತಪ್ಪಿದರೆ ತಡ ಮಾಡದೆ ತೋರಿಸು. ನಡಿಗೆ ತಡವರಿಸಿದರೆ, ಮೂತ್ರದ ಹಿಡಿತ ಹೋದರೆ ಅವತ್ತೇ ಹೋಗು. ನನ್ನ ಹಾಗೆ ಟ್ರೇ ಬೀಳುವ ತನಕ ಕಾಯಬೇಡ.

ಅಮಾವಾಸ್ಯೆಗೆ ಬರುವಾಗ ನೈಟ್ ಡ್ಯೂಟಿ ಮುಗಿಸಿ ಹಾಗೇ ಬೆಳಗಾವಿಯಿಂದ ಬಸ್ ಹತ್ತಬೇಡ. ಹೋದ ಸಲ ಯರಗಟ್ಟಿ ದಾಟುವಷ್ಟರಲ್ಲಿ ನಿದ್ದೆ, ಮುಧೋಳಕ್ಕೆ ತಲೆ ಪಕ್ಕದವರ ಹೆಗಲ ಮೇಲೆ ಅಂತ ನೀನೇ ನಗುತ್ತಿದ್ದೆ. ಒಂದು ಟವೆಲ್ ಸುರುಳಿ ಸುತ್ತಿ ಕುತ್ತಿಗೆಗೆ ಇಟ್ಟುಕೊ. ಶೇಂಗಾ ಹೋಳಿಗೆ ಮಾಡಿಡುತ್ತೇನೆ. ಇಂಜೆಕ್ಷನ್ ವಿಷಯ ನಿಮ್ಮವ್ವನಿಗೆ ಹೇಳಿಲ್ಲ, ಅರ್ಜಿ ಕೊಟ್ಟೆ ಅಂತ ನೀನು ಫೋನ್ ಮಾಡುವ ತನಕ ಹೇಳೋದೂ ಇಲ್ಲ. ಭಾನುವಾರದವರೆಗೆ ನೋಡ್ತೀನಿ.

ನಿನ್ನ ಚಿಕ್ಕವ್ವ