ರಿಪೀಟರ್ ಬೇಡ, ಒಂದು ವೈರ್ ಎಳೆಸಿ

ಮಾನ್ಯ ಸಂಪಾದಕರೇ,

ಆನ್‌ಲೈನ್ ಕ್ಲಾಸಿನ ಮಧ್ಯೆ ಚಿತ್ರ ನಿಂತುಹೋಯಿತು, ಟಿ.ವಿ.ಯಲ್ಲಿ ಚಕ್ರ ತಿರುಗತೊಡಗಿತು ಎಂದರೆ ಜನ ಒಂದೋ ದುಬಾರಿ ಪ್ಲಾನ್ ಹಾಕಿಸುತ್ತಾರೆ, ಇಲ್ಲವೇ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ವೈಫೈಯನ್ನು ಮುಂದಕ್ಕೆ ಹರಡುವ ರಿಪೀಟರ್ ತರುತ್ತಾರೆ. ಹೆಚ್ಚಿನ ಮನೆಗಳಲ್ಲಿ ಎರಡೂ ದಂಡ.

ಮೊದಲು ತೊಂದರೆ ಎಲ್ಲಿದೆ ನೋಡಿ. ಲ್ಯಾಪ್‌ಟಾಪ್‌ಗೆ ರೂಟರ್‌ನಿಂದ ನೇರ ಕೇಬಲ್ ಹಾಕಿ ಸ್ಪೀಡ್ ಟೆಸ್ಟ್ ಮಾಡಿ. ಅಲ್ಲೂ ವೇಗ ಇಲ್ಲದಿದ್ದರೆ ಕಂಪನಿಗೆ ದೂರು ಕೊಡಬೇಕು, ಮನೆಯೊಳಗೆ ವೈರ್ ಎಳೆದು ಫಲವಿಲ್ಲ. ಅಲ್ಲಿ ಸರಿ ಇದ್ದು ಒಳಕೋಣೆಯಲ್ಲಿ ಕೈಕೊಟ್ಟರೆ ತಪ್ಪು ವೈಫೈಯದು. ಫೈಬರ್ ಬರುವುದು ಸಿಟೌಟ್‌ಗೆ, ರೂಟರೂ ಅಲ್ಲೇ ಗಟ್ಟಿ. ನಮ್ಮ ಕೆಂಪುಕಲ್ಲಿನ ಗೋಡೆ, ಆರ್‌ಸಿಸಿ ಸ್ಲ್ಯಾಬ್ ದಾಟುವಷ್ಟರಲ್ಲಿ ವೈಫೈಯ ಎರಡು ತರಂಗಪಟ್ಟಿಗಳಲ್ಲಿ ವೇಗದ್ದಾದ 5 ಗಿಗಾಹರ್ಟ್ಸ್ ಸಿಗ್ನಲ್ ಸೊರಗಿರುತ್ತದೆ. 2.4 ಗಿಗಾಹರ್ಟ್ಸ್ ದಾಟುತ್ತದೆ. ಆದರೆ ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್ 1, 6, 11 ಮೂರೇ. ಫ್ಲ್ಯಾಟ್‌ಗಳಲ್ಲಿ ಅಕ್ಕಪಕ್ಕದವರ ರೂಟರ್‌ಗಳೆಲ್ಲ ಅಲ್ಲೇ ಸಾಲು ನಿಂತಿರುತ್ತವೆ. ಅಗ್ಗದ ರಿಪೀಟರ್ ಕೇಳಿಸಿಕೊಂಡದ್ದನ್ನು ಅದೇ ಚಾನೆಲ್‌ನಲ್ಲಿ ಮತ್ತೆ ಹೇಳಬೇಕು; ಅಲ್ಲಿಗೆ ವೇಗ ಅರ್ಧ.

ಟಿ.ವಿ., ಡೆಸ್ಕ್‌ಟಾಪ್‌ನಂತಹ ಕದಲದ ಸಾಧನಗಳಿಗೆ ವೈರ್ ಕೊಟ್ಟರೆ ಫೋನುಗಳಿಗೂ ವೈಫೈ ಸಲೀಸಾಗುತ್ತದೆ. ಕ್ಯಾಟ್-6 ದರ್ಜೆಯ ನೆಟ್‌ವರ್ಕ್ ಕೇಬಲ್ ಸಾಕು, 100 ಮೀಟರ್‌ವರೆಗೆ 1 ಗಿಗಾಬಿಟ್ ಸಾಗಿಸುತ್ತದೆ. ಆದರೆ ಶುದ್ಧ ತಾಮ್ರದ್ದೇ ಆಗಿರಬೇಕು. ಅಗ್ಗಕ್ಕೆ ಸಿಗುವುದು ಹಲವು ಬಾರಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ, ಒಳಗೆ ಬೆಳ್ಳಗೆ ಹೊಳೆದರೆ ವಾಪಸ್ ಕೊಡಿ. ನಾಲ್ಕು ಸಲ ಬಗ್ಗಿಸಿದರೆ ಅದು ಪ್ಲಗ್ಗಿನ ಬುಡದಲ್ಲೇ ತುಂಡಾಗುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಕ್ರಿಂಪಿಂಗ್‌ನಲ್ಲಿ, ಅಂದರೆ ಕೇಬಲ್ ತುದಿಗೆ ಪ್ಲಗ್ ಒತ್ತಿ ಕೂರಿಸುವಾಗ. ಕೇಬಲ್ ಒಳಗೆ ಎರಡೆರಡಾಗಿ ಹುರಿಗೊಳಿಸಿದ ನಾಲ್ಕು ಜೋಡಿ, ಒಟ್ಟು ಎಂಟು ಎಳೆ ಇರುತ್ತವೆ. ‘ಎರಡೂ ತುದಿಯಲ್ಲಿ ಬಣ್ಣ ಒಂದೇ ಥರ ಇದ್ದರಾಯಿತು’ ಎಂದು ಜೋಡಿ ಜೋಡಿಯಾಗಿ ಕೂರಿಸುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಹಾಗಲ್ಲ. ಕ್ರಮ ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಮೂರನೇ ಮತ್ತು ಆರನೇ ಪಿನ್‌ಗೆ ಹೋಗುವ ಎಳೆಗಳು ಒಂದೇ ಜೋಡಿಯವಾಗಿರಬೇಕು. ಇಲ್ಲದಿದ್ದರೆ ಒಂದು ಜೋಡಿಯ ಸಿಗ್ನಲ್ ಇನ್ನೊಂದಕ್ಕೆ ಸೋರುತ್ತದೆ. ಅಗ್ಗದ ಟೆಸ್ಟರ್‌ನಲ್ಲಿ ಎಂಟೂ ದೀಪ ಸರಿಯಾಗಿ ಉರಿಯುತ್ತವೆ, ಲೈನ್ ಮಾತ್ರ ಕಡಿದು ಕಡಿದು ಬರುತ್ತದೆ. ಎಳೆಗಳ ಹುರಿಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು, ಹೊರಕವಚ ಪ್ಲಗ್ಗಿನೊಳಗೆ ಕಚ್ಚಿಕೊಂಡಿರಬೇಕು.

ಪ್ಲಾನ್ 200 ಎಂಬಿಪಿಎಸ್ ಇದ್ದು ಟೆಸ್ಟ್ 94ರ ಆಸುಪಾಸಿನಲ್ಲೇ ನಿಂತರೆ ನೀಲಿ ಅಥವಾ ಕಂದು ಜೋಡಿ ತಾಗಿಲ್ಲ ಎಂದೇ ಶಂಕಿಸಿ. 100 ಎಂಬಿಪಿಎಸ್‌ಗೆ ನಾಲ್ಕು ಎಳೆ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಹಳೆಯ ರೂಟರ್‌ನ ಪೋರ್ಟೇ 100ರದ್ದಾಗಿದ್ದರೂ ಹೀಗಾಗುತ್ತದೆ.

ಮಹಡಿಯಲ್ಲಿ ವೈಫೈಯೇ ಬೇಕಿದ್ದರೆ ಅಟ್ಟಕ್ಕೆ ಹಾಕಿದ ಹಳೆಯ ರೂಟರ್ ಇಳಿಸಿ. ಅದರ ವಿಳಾಸವನ್ನು 192.168.1.2 ಎಂದು ಬದಲಿಸಿ (ಮುಖ್ಯ ರೂಟರ್ 192.168.1.1 ಆಗಿದ್ದರೆ), ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಆರಿಸಿ, ಕೆಳಗಿನಿಂದ ಬಂದ ಕೇಬಲನ್ನು ಇಂಟರ್ನೆಟ್ ಲೈನ್ ಸೇರುವ ವ್ಯಾನ್ (WAN) ಪೋರ್ಟ್‌ಗಲ್ಲ, ಮನೆಯ ಸಾಧನಗಳು ಸೇರುವ ಲ್ಯಾನ್ (LAN) ಪೋರ್ಟ್‌ಗೆ ಹಾಕಿ. ಹೆಸರು, ಪಾಸ್‌ವರ್ಡ್ ಅದೇ ಇರಲಿ, ಚಾನೆಲ್ ಮಾತ್ರ ಬೇರೆ. ಡಿಎಚ್‌ಸಿಪಿ ಆರಿಸಲು ಮರೆತರೆ ಎರಡೂ ರೂಟರ್ ವಿಳಾಸ ಹಂಚಲು ಹೊರಟು ಮನೆಯ ನೆಟ್ ಅಡ್ಡಾದಿಡ್ಡಿಯಾಗುತ್ತದೆ.

ಅಂಗಳ ದಾಟಿ ಔಟ್‌ಹೌಸಿಗೆ ತಾಮ್ರದ ಕೇಬಲ್ ಎಳೆಯಬೇಡಿ. ಹತ್ತಿರದಲ್ಲಿ ಸಿಡಿಲು ಬಡಿದರೂ ಸಾಕು, ಎರಡೂ ಕಡೆಯ ಪೋರ್ಟ್ ಸುಡಬಹುದು. ಅಲ್ಲಿಗೆ ಫೈಬರ್ರೇ ಸರಿ.

ಮನೆ ಕಟ್ಟಿಸುತ್ತಿರುವವರು ಗೋಡೆಗೆ ಸಾರಣೆಯಾಗುವ ಮೊದಲೇ ಪ್ರತಿ ಕೋಣೆಗೆ 25 ಮಿ.ಮೀ.ನ ಖಾಲಿ ಪೈಪ್ ಒಂದನ್ನು ಬೇರೆಯಾಗಿ ಹಾಕಿಸಿ. ಕರೆಂಟಿನ ವೈರ್ ಇರುವ ಪೈಪಿನಲ್ಲೇ ನೆಟ್‌ವರ್ಕ್ ಕೇಬಲನ್ನೂ ತೂರಿಸುವಂತಿಲ್ಲ ಎಂದು ಎಲೆಕ್ಟ್ರಿಷಿಯನ್‌ಗೆ ಆಗಲೇ ಹೇಳಿಬಿಡಿ.

– ನೆಟ್‌ವರ್ಕ್ ತಂತ್ರಜ್ಞ, ಪುತ್ತೂರು