ಹೋಮ್ ಸ್ಟುಡಿಯೋ ಕಲಿಯುವವರು ಮೊದಲು ಕ್ಲಿಕ್ ನಿಲ್ಲಿಸಲಿ

ಮಾನ್ಯ ಸಂಪಾದಕರೇ,

ಮನೆಯ ಒಂದು ಕೋಣೆಯಲ್ಲೇ ಸ್ಟುಡಿಯೋ ಮಾಡಿಕೊಂಡು ಭಜನೆ, ತುಳು ಹಾಡು, ತಾಳಮದ್ದಳೆ ರೆಕಾರ್ಡ್ ಮಾಡುವವರು ಮಂಗಳೂರು, ಉಡುಪಿ ಕಡೆ ಈಗ ಊರಿಗೊಬ್ಬರಾದರೂ ಸಿಗುತ್ತಾರೆ. ಅವರಿಗೆ ತರಗತಿಗಳಲ್ಲೂ ಯೂಟ್ಯೂಬಿನಲ್ಲೂ ಸಿಗುವ ಮೊದಲ ಪಾಠ ಹೆಚ್ಚುಕಡಿಮೆ ಒಂದೇ: ಹೊಸ ಪ್ರಾಜೆಕ್ಟ್ ತೆರೆಯಿರಿ, ಕ್ಲಿಕ್ (ಲಯ ತೋರಿಸಲು ಸಾಫ್ಟ್‌ವೇರ್ ಕೊಡುವ ಟಕ್ ಟಕ್ ಸದ್ದು) ಹಾಕಿ, ಡ್ರಮ್ ಲೂಪ್ ಎಳೆದು ತನ್ನಿ. ನಮ್ಮ ಕಡೆಯ ಸಂಗೀತಕ್ಕೆ ಈ ಪಾಠ ತಲೆಕೆಳಗು. ಧ್ವನಿಮುದ್ರಣದ ಸಾಫ್ಟ್‌ವೇರ್‌ಗಳಾದ ರೀಪರ್, ಕ್ಯೂಬೇಸ್, ಏಬಲ್‌ಟನ್, ಎಫ್‌ಎಲ್ ಸ್ಟುಡಿಯೋ ಯಾವುದನ್ನೇ ತೆರೆಯಿರಿ, ನಿಮಿಷಕ್ಕೆ 120 ಬೀಟಿನ ಆಸುಪಾಸಿನ ಒಂದೇ ಲಯ, ನಾಲ್ಕರ ತಾಳ, ಸಮ ಅಂತರದ ಹನ್ನೆರಡು ಸ್ವರ ಎಂದು ಅದು ಮೊದಲೇ ತೀರ್ಮಾನಿಸಿಕೊಂಡು ಕೂತಿರುತ್ತದೆ. ಆ ತೀರ್ಮಾನಗಳನ್ನು ತೆಗೆಯಲು ಕಲಿಯುವುದೇ ಇಲ್ಲಿಯವರ ಮೊದಲ ಪಾಠವಾಗಬೇಕು.

ಯಾವ ಸಾಫ್ಟ್‌ವೇರ್ ಎಂಬ ಚರ್ಚೆಗೆ ಅಗತ್ಯಕ್ಕಿಂತ ಹೆಚ್ಚು ಸಮಯ ಹೋಗುತ್ತಿದೆ. ಮ್ಯಾಕ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತ. ವಿಂಡೋಸ್‌ನವರಿಗೆ ರೀಪರ್ ಸಾಕು. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, 60 ದಿನ ಯಾವ ಕಡಿತವೂ ಇಲ್ಲದೆ ಬಳಸಿ ನೋಡಬಹುದು, ಸ್ವಂತ ಬಳಕೆಯ ಪರವಾನಗಿ 60 ಡಾಲರ್. ಸಾಫ್ಟ್‌ವೇರಿಗೆ ಜೋಡಿಸುವ ಲಕ್ಷ ಬೆಲೆಯ ಪ್ಲಗಿನ್‌ಗಳ ಕ್ರ್ಯಾಕ್ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಂಚುವ ತರಗತಿಗಳಿಂದ ದೂರ ಇರುವುದು ಒಳ್ಳೆಯದು. ವೈರಸ್ ಮಾತು ಹಾಗಿರಲಿ, ವಿಂಡೋಸ್ ಒಮ್ಮೆ ಅಪ್‌ಡೇಟ್ ಆದಾಗ ಆ ಪ್ಲಗಿನ್ ತೆರೆಯದೆ ಹೋದರೆ ಅರ್ಧ ಮುಗಿದ ಕೆಲಸವೂ ಅದರ ಜೊತೆಗೇ ಹೋಯಿತು.

ರೀಪರ್‌ನಲ್ಲಿ ಆಲ್ಟ್ ಮತ್ತು ಎಂಟರ್ ಒಟ್ಟಿಗೆ ಒತ್ತಿದರೆ ಪ್ರಾಜೆಕ್ಟ್ ಸೆಟ್ಟಿಂಗ್ಸ್ ತೆರೆದುಕೊಳ್ಳುತ್ತದೆ. ಅಲ್ಲಿ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಬಾರಿ ಧ್ವನಿಯನ್ನು ಅಳೆಯಬೇಕೆಂಬ ಅಂಕಿ) 48000 ಇರಲಿ. ಟೈಮ್‌ಬೇಸ್ ಎಂಬಲ್ಲಿ 'ಬೀಟ್ಸ್' ತೆಗೆದು 'ಟೈಮ್' ಮಾಡಿ. ಇದೊಂದನ್ನು ಮರೆತರೆ, ಮುಂದೆ ಲಯದ ಅಂಕಿ ಬದಲಿಸಿದಾಗ ಆಗಲೇ ರೆಕಾರ್ಡ್ ಆದ ಧ್ವನಿಯೂ ಜೊತೆಗೇ ಹಿಗ್ಗುತ್ತದೆ, ಕುಗ್ಗುತ್ತದೆ. ಆಲ್ಟ್ ಮತ್ತು ಎಸ್ ಒತ್ತಿ ಸ್ನ್ಯಾಪ್ ಆಫ್ ಮಾಡಿ. ಇಲ್ಲವಾದರೆ ಕತ್ತರಿಸಿದ ತುಂಡುಗಳೆಲ್ಲ ತಾವಾಗಿಯೇ ಬೀಟ್ ತೋರಿಸುವ ಹತ್ತಿರದ ಗೆರೆಗೆ ಹೋಗಿ ಅಂಟಿಕೊಳ್ಳುತ್ತವೆ, ಮದ್ದಳೆಯ ಪೆಟ್ಟು ಇರಬೇಕಾದ ಜಾಗದಲ್ಲಿ ಇರುವುದಿಲ್ಲ.

ಇನ್ನು ಕ್ಲಿಕ್. ಯಕ್ಷಗಾನದ ಪದ್ಯ ಎತ್ತುಗಡೆಯಲ್ಲಿ ಒಂದು ಲಯದಲ್ಲಿದ್ದರೆ ಮುಕ್ತಾಯದ ಹೊತ್ತಿಗೆ ಇನ್ನೊಂದರಲ್ಲಿ ಇರುತ್ತದೆ, ಇರಲೇಬೇಕು. ಭಾಗವತರ ಕಿವಿಗೆ ಕ್ಲಿಕ್ ಕೊಟ್ಟು ಹಾಡಿಸಿದರೆ ಪದ್ಯದ ಏರಿಕೆಯೇ ಸಾಯುತ್ತದೆ. ಕ್ಲಿಕ್ ಇಲ್ಲದೆ ಜಾಗಟೆ ಅಥವಾ ತಾಳದೊಂದಿಗೇ ರೆಕಾರ್ಡ್ ಮಾಡಿ, ಗೆರೆಗಳನ್ನು ಆಮೇಲೆ ಹಾಡಿಗೆ ಹೊಂದಿಸಿ. ತಾಳದ ಒಂದು ಆವರ್ತದ ಮೊದಲ ಪೆಟ್ಟಿನಿಂದ ಮುಂದಿನ ಆವರ್ತದ ಮೊದಲ ಪೆಟ್ಟಿನವರೆಗೆ ಆಯ್ಕೆ ಮಾಡಿ, ಇನ್ಸರ್ಟ್ ಮೆನುವಿನಲ್ಲಿ ಆಯ್ದ ಸಮಯವನ್ನು ಒಂದು ಮೆಷರ್ ಆಗಿಸುವ ಆಜ್ಞೆಯನ್ನು ಕೊಡಿ, ಆಮೇಲೆ ತಾಳದ ಅಂಕಿ ತಿದ್ದಿ. ತ್ರಿವುಡೆಗೆ 7/4, ಝಂಪೆಗೆ 10/4, ರೂಪಕಕ್ಕೆ 6/4. ಕೆಳಗಿನ ಅಂಕಿ ನಾಲ್ಕೇ ಇದ್ದರೆ ಒಂದು ಅಕ್ಷರಕ್ಕೆ ಒಂದು ಬೀಟ್ ಎಂಬ ಲೆಕ್ಕ ಸುಲಭ. ಲಯ ಏರುವ ಕಡೆಗಳಲ್ಲಿ ಎರಡು ಮೂರು ಆವರ್ತಕ್ಕೊಮ್ಮೆ ಇದನ್ನೇ ಮಾಡಬೇಕು. ಬೇಸರದ ಕೆಲಸ, ಆದರೆ ಮೇಲಿಂದ ಕೀಬೋರ್ಡ್ ಸೇರಿಸುವ ಉದ್ದೇಶ ಇದ್ದವರಿಗೆ ಮಾತ್ರ. ಬರೀ ಹಾಡು, ಹಿಮ್ಮೇಳ ಸಾಕೆನ್ನುವವರು ಗೆರೆಗಳ ಕಡೆ ನೋಡುವುದೂ ಬೇಡ.

ಅತಿ ಹೆಚ್ಚು ಹಾನಿ ಆಗುತ್ತಿರುವುದು ಶ್ರುತಿ ತಿದ್ದುವ ಪ್ಲಗಿನ್‌ಗಳಿಂದ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಒಂದು ಎಂದರೆ ಸಿ ಶಾರ್ಪ್, ಕಪ್ಪು ಎರಡು ಎಂದರೆ ಡಿ ಶಾರ್ಪ್ ಎಂದು ಲೆಕ್ಕ ಹಾಕಿ ಪ್ಲಗಿನ್‌ಗೆ ಹೇಳಿಬಿಟ್ಟರೆ ಮುಗಿಯಲಿಲ್ಲ. ನಮ್ಮ ಭಜನಾ ಮಂದಿರಗಳ ಹಳೆಯ ಹಾರ್ಮೋನಿಯಂಗಳು 440 ಹರ್ಟ್ಸ್ ಲೆಕ್ಕಕ್ಕೆ ಸರಿಯಾಗಿ ಕೂತಿರುತ್ತವೆ ಎಂದು ನಂಬುವ ಹಾಗಿಲ್ಲ. ಗಾಯಕರು ಹಾರ್ಮೋನಿಯಂಗೆ ಸೇರಿಸಿ ಹಾಡಿರುತ್ತಾರೆ, ಪ್ಲಗಿನ್ ಅವರ ಕಂಠವನ್ನು ಮಾತ್ರ 440ರ ಲೆಕ್ಕಕ್ಕೆ ಎಳೆಯುತ್ತದೆ. ಸರಿಯಾಗಿದ್ದ ಹಾಡು ತಿದ್ದಿದ ಮೇಲೆ ಅಪಶ್ರುತಿ ಆಗುವುದು ಹೀಗೆ. ಮೊದಲು ಹಾರ್ಮೋನಿಯಂನ ಶ್ರುತಿಯೊಂದನ್ನೇ ಟ್ಯೂನರ್‌ಗೆ ಕೊಟ್ಟು ನೋಡಿ. 20 ಸೆಂಟ್ (ಅಕ್ಕಪಕ್ಕದ ಎರಡು ಸ್ವರಗಳ ಅಂತರದ ನೂರರಲ್ಲೊಂದು ಪಾಲು ಒಂದು ಸೆಂಟ್) ಮೇಲಿದ್ದರೆ ಆಧಾರದ ಅಂಕಿ 440 ಇರುವಲ್ಲಿ ಸುಮಾರು 445 ಕೊಡಬೇಕು. ಶ್ರುತಿ ಹೊಂದಿದರೂ ಗಮಕ ಉಳಿಯುವುದಿಲ್ಲ: ತಿದ್ದುವ ವೇಗ ಹೆಚ್ಚಿದ್ದಷ್ಟೂ ಸ್ವರದಿಂದ ಸ್ವರಕ್ಕೆ ಜಾರುವ ದಾರಿ ಮೆಟ್ಟಿಲಾಗುತ್ತದೆ. ತಪ್ಪಿದ ಒಂದೇ ಸ್ವರವನ್ನು ಕೈಯಿಂದ ತಿದ್ದಿ, ಅಥವಾ ಆ ಸಾಲನ್ನು ಇನ್ನೊಮ್ಮೆ ಹಾಡಿಸಿ. ಎರಡನೆಯದೇ ಬೇಗ ಆಗುವ ಕೆಲಸ.

ಚೆಂಡೆ ಇರುವ ಕೋಣೆಯಲ್ಲಿ ಮೈಕ್ ಇಡುವುದು ಸಾಫ್ಟ್‌ವೇರಿಗಿಂತ ದೊಡ್ಡ ವಿದ್ಯೆ. ಹಾಡುವವರಿಗೆ ಸೂಕ್ಷ್ಮ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ಬೇಡ, ಎಸ್‌ಎಂ58ರಂಥ ಡೈನಾಮಿಕ್ ಮೈಕ್ ಇರಲಿ. ಅದಕ್ಕೆ ಬೆನ್ನ ಕಡೆಯಿಂದ ಬರುವ ಸದ್ದು ಅತಿ ಕಡಿಮೆ ಕೇಳುತ್ತದೆ. ಹಾಗಾಗಿ ಚೆಂಡೆ ಭಾಗವತರ ಪಕ್ಕದಲ್ಲಿರುವ ಬದಲು ಎದುರಿಗಿದ್ದರೆ, ಮೈಕಿನ ಬೆನ್ನು ಚೆಂಡೆಯ ಕಡೆಗೆ ಇರುತ್ತದೆ, ಮುಖ ನೋಡಿಕೊಂಡು ನುಡಿಸಲೂ ಅನುಕೂಲ. ಫೋಮ್, ತೆಂಗಿನ ನಾರಿನ ಹಾಸಿಗೆ ಏನಿದ್ದರೂ ಹಾಡುವವರ ಬೆನ್ನ ಹಿಂದೆ ನಿಲ್ಲಿಸಿ, ಮೈಕ್ ನೋಡುವುದು ಆ ಗೋಡೆಯನ್ನೇ. ಮೊಟ್ಟೆಯ ಟ್ರೇ ಅಂಟಿಸುವುದರಿಂದ ಕೋಣೆ ವಿಕಾರವಾಗುವುದು ಬಿಟ್ಟರೆ ಹೇಳಿಕೊಳ್ಳುವ ಪ್ರಯೋಜನವಿಲ್ಲ. ಗೇನ್ (ಮೈಕಿನ ಸದ್ದನ್ನು ಎಷ್ಟು ಏರಿಸಬೇಕೆಂಬ ಅಳತೆ) ಹೊಂದಿಸುವಾಗ ಚೆಂಡೆಯವರಿಂದ ಅತಿ ಜೋರಿನ ಬಿಡ್ತಿಗೆಯನ್ನೇ (ಪೆಟ್ಟುಗಳ ವರಸೆ) ನುಡಿಸಿರಿ, ಏಕೆಂದರೆ ಪರೀಕ್ಷೆಗೆಂದರೆ ಯಾರೂ ಪೂರ್ತಿ ಕೈ ಬೀಸುವುದಿಲ್ಲ. ಆ ಪೆಟ್ಟು ಮೀಟರಿನಲ್ಲಿ ಮೈನಸ್ 12 ಡಿಬಿ ದಾಟದಿರಲಿ. 24 ಬಿಟ್‌ನಲ್ಲಿ ಮೆಲ್ಲಗೆ ರೆಕಾರ್ಡ್ ಆದದ್ದನ್ನು ಆಮೇಲೆ ಏರಿಸಬಹುದು, ಸೊನ್ನೆ ಮುಟ್ಟಿ ಒಡೆದದ್ದನ್ನು ಕೂಡಿಸುವ ಬಟನ್ ಎಲ್ಲೂ ಇಲ್ಲ.

ಹಾಡುವವರಿಗೆ ಹೆಡ್‌ಫೋನಿನಲ್ಲಿ ತಮ್ಮ ಸ್ವರ ತಡವಾಗಿ ಕೇಳಿದರೆ ಕಾರಣ ಬಫರ್, ಅಂದರೆ ಕಂಪ್ಯೂಟರ್ ಧ್ವನಿಯನ್ನು ಒಮ್ಮೆಗೆ ಎಷ್ಟು ಕೂಡಿಟ್ಟು ಸಾಗಿಸುತ್ತದೆ ಎಂಬ ಲೆಕ್ಕ. 48000 ಲೆಕ್ಕದಲ್ಲಿ 1024 ಸ್ಯಾಂಪಲ್ ಎಂದರೆ 21 ಮಿಲಿಸೆಕೆಂಡ್, 128 ಎಂದರೆ 3ಕ್ಕೂ ಕಡಿಮೆ. ಹೋಗಿ ಬರುವ ದಾರಿ ಸೇರಿದರೆ ಇದು ಎರಡು ಪಟ್ಟಿಗೂ ಮಿಕ್ಕುತ್ತದೆ. ರೆಕಾರ್ಡಿಂಗಿಗೆ 128, ಮಿಕ್ಸಿಂಗಿಗೆ 1024. ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಕಂಪನಿಯದೇ ಆಸಿಯೋ (ASIO) ಡ್ರೈವರ್ ಹಾಕಿ, ಸ್ವರವನ್ನು ಕಂಪ್ಯೂಟರ್ ಸುತ್ತದೆ ನೇರ ಹೆಡ್‌ಫೋನಿಗೆ ಕೊಡುವ ಡೈರೆಕ್ಟ್ ಮಾನಿಟರ್ ಬಟನ್ ಇದ್ದರೆ ಒತ್ತಿ.

ರಾತ್ರಿಯಿಡೀ ನಡೆಯುವ ಯಕ್ಷಗಾನ ಆಟವನ್ನು ದಾಖಲಿಸುವವರು ಇನ್ನೊಂದು ಲೆಕ್ಕ ತಿಳಿದಿರಬೇಕು. 24 ಬಿಟ್, 48000ರಲ್ಲಿ ಒಂದು ಟ್ರ್ಯಾಕ್‌ಗೆ ನಿಮಿಷಕ್ಕೆ 8.64 ಮೆಗಾಬೈಟ್. ಸಾಮಾನ್ಯ ವೇವ್ ಫೈಲ್ 4 ಗಿಗಾಬೈಟ್ ದಾಟಲಾರದು, ಫ್ಯಾಟ್32 ಪೆನ್‌ಡ್ರೈವೂ ಅಷ್ಟೇ. ಸ್ಟೀರಿಯೋ ಆದರೆ ನಾಲ್ಕು ಗಂಟೆ ಎಂಟು ನಿಮಿಷಕ್ಕೆ ಆ ಮಿತಿ ಬಂತು, ಅಂದರೆ ಹತ್ತಕ್ಕೆ ಶುರುವಾದ ಆಟದಲ್ಲಿ ಎರಡು ಗಂಟೆಯ ಆಸುಪಾಸಿಗೆ, ಪ್ರಸಂಗ ರಂಗೇರುವಾಗ. ಡ್ರೈವನ್ನು ಆ ಮಿತಿ ಇಲ್ಲದ ಎಕ್ಸ್‌ಫ್ಯಾಟ್‌ಗೆ ಬದಲಿಸಿಕೊಳ್ಳಿ, ರಂಗದಲ್ಲಿ ಪಾತ್ರ ಇಲ್ಲದ ಹೊತ್ತು ನೋಡಿ ಫೈಲ್ ನಿಲ್ಲಿಸಿ ಮತ್ತೆ ಶುರುಮಾಡಿ. ಸೇವ್ ಮಾಡುವಾಗ ಪ್ರಾಜೆಕ್ಟಿಗೇ ಪ್ರತ್ಯೇಕ ಫೋಲ್ಡರ್ ಮಾಡುವ, ಎಲ್ಲ ಧ್ವನಿ ಫೈಲನ್ನೂ ಅದರೊಳಗೆ ನಕಲು ಮಾಡುವ ಎರಡು ಗುರುತುಗಳನ್ನು ಹಾಕಲೇಬೇಕು.

ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ) ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಒಳಸೇರಿದ ಮೇಲೆ, ವೇಷವಿಲ್ಲದೆ ಕೂತು ಮಾತಾಡುವ ತಾಳಮದ್ದಳೆಯ ಕಾಲ, ಮಳೆಯ ಕಾಲವೂ ಅದೇ. ಫ್ಯಾನಿನ ಒಂದೇ ಹದದ ಸದ್ದನ್ನು ರೀಪರ್ ಜೊತೆಗೇ ಬರುವ ರೀಫರ್ (ReaFIR) ಎಂಬ ಪ್ಲಗಿನ್‌ನ ಸಬ್‌ಟ್ರ್ಯಾಕ್ಟ್ ವಿಧಾನದಿಂದ ತಕ್ಕಮಟ್ಟಿಗೆ ಕಳೆಯಬಹುದು. ಹಂಚಿನ ಮೇಲೆ, ತಗಡಿನ ಮೇಲೆ ಸುರಿಯುವ ಮಳೆ ಕ್ಷಣಕ್ಕೊಂದು ಬಗೆ, ಮಾತಿನ ಆವರ್ತನಗಳಲ್ಲೇ ಬೆರೆತಿರುತ್ತದೆ. ಅದನ್ನು ಕಳೆಯಲು ಹೋದರೆ ಅರ್ಥಧಾರಿಯ ಸ್ವರ ನೀರೊಳಗಿಂದ ಬಂದ ಹಾಗಾಗುತ್ತದೆ. ಕಾಂಕ್ರೀಟ್ ತಾರಸಿಯ ಕೋಣೆ ಹುಡುಕುವುದೇ ಪರಿಹಾರ. ಮಳೆಗಾಲದ ಆಟಿ ತಿಂಗಳ ಥಂಡಿಗೆ ಕಂಡೆನ್ಸರ್ ಮೈಕ್ ಚಟಪಟ ಸದ್ದು ಮಾಡತೊಡಗಿದರೆ ಕೆಟ್ಟಿತೆಂದು ಎಸೆಯಬೇಡಿ, ಗಾಳಿ ಹೋಗದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಒಂದೆರಡು ದಿನ ಇಟ್ಟು ನೋಡಿ.

ಮಿಕ್ಸಿಂಗ್ ವಿಷಯ ಚಿಕ್ಕದಾಗಿ: ಕಂಠಕ್ಕೆ 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಜೋರು ಸದ್ದನ್ನು ತಗ್ಗಿಸುವ ಕಂಪ್ರೆಸರ್ 3ಕ್ಕೆ 1ರಲ್ಲಿಟ್ಟು ನಾಲ್ಕೈದು ಡಿಬಿಗಿಂತ ಹೆಚ್ಚು ಒತ್ತಬೇಡಿ. ಯೂಟ್ಯೂಬ್, ಧ್ವನಿಯ ಜೋರನ್ನು ಅಳೆಯುವ ಲೆಕ್ಕದಲ್ಲಿ (LUFS), ಮೈನಸ್ 14 ಲಫ್ಸ್‌ಗಿಂತ ಜೋರಿದ್ದದ್ದನ್ನು ತಾನೇ ತಗ್ಗಿಸುತ್ತದೆ, ಆದ್ದರಿಂದ ಚೆಂಡೆಯ ಪೆಟ್ಟನ್ನೆಲ್ಲ ಜಜ್ಜಿ ಜೋರು ಮಾಡಿ ಲಾಭವಿಲ್ಲ.

ಕೊನೆಗೊಂದು ಬೇಡಿಕೆ. ತುಳು, ಕೊಂಕಣಿ, ಯಕ್ಷಗಾನ ಅಕಾಡೆಮಿಗಳು ಧ್ವನಿಮುದ್ರಣ ಶಿಬಿರ ನಡೆಸುವುದಾದರೆ ಪ್ರಮಾಣಪತ್ರಕ್ಕಿಂತ ಮೊದಲು ಒಂದು ಟೆಂಪ್ಲೇಟ್ ಫೈಲ್ ಸಿದ್ಧಪಡಿಸಲಿ: ಕ್ಲಿಕ್ ಇಲ್ಲ, ಸ್ನ್ಯಾಪ್ ಇಲ್ಲ, ಟೈಮ್‌ಬೇಸ್ ಸರಿ, ಟ್ರ್ಯಾಕ್‌ಗಳ ಹೆಸರು ಭಾಗವತಿಕೆ, ಚೆಂಡೆ, ಮದ್ದಳೆ, ಶ್ರುತಿ ಎಂದು ಕನ್ನಡದಲ್ಲೇ. ರೀಪರ್‌ನ ಅಂಥ ಫೈಲ್ ಬರೀ ಪಠ್ಯ, ಕೆಲವೇ ಕಿಲೋಬೈಟ್. ವಾಟ್ಸ್‌ಆ್ಯಪ್‌ನಲ್ಲೇ ಊರಿಗೆಲ್ಲ ಕಳಿಸಬಹುದು.

ಇಂತಿ,
ಧ್ವನಿಮುದ್ರಣದ ಕೆಲಸ ಬಲ್ಲ ಓದುಗ, ಉಡುಪಿ