ಗೆಳೆಯನಿಗೊಂದು ಪತ್ರ: ತೊಗಲಿನ ಮೇಲಿನ ಮರ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಟೀ ಶರ್ಟಿನ ಫೋಟೋ ನೋಡಿದೆ. ಹತ್ತು ದುಂಡು, ಅವನ್ನು ಕೂಡಿಸುವ ಗೆರೆಗಳು. "ಇದೇನೋ, ಯಂತ್ರದ ಥರ ಇದೆ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಈ ಪತ್ರ.

ಅದು ಕಬ್ಬಾಲಾದ ಮರ. ಕಬ್ಬಾಲಾ ಅಂದರೆ ಯಹೂದಿಗಳ ಅನುಭಾವದ ದಾರಿ. ದೇವರ ಮೂಲ ನೆಲೆಯನ್ನು ಅವರು ಏನ್ ಸೋಫ್ ಅನ್ನುತ್ತಾರೆ, ಕೊನೆಯಿಲ್ಲದ್ದು ಅಂತ. ಅದು ಊಹೆಗೆ ಸಿಗುವುದಿಲ್ಲ. ಅದರಿಂದ ಹೊಮ್ಮಿದ ಹತ್ತು ಶಕ್ತಿಗಳೇ ಸೆಫಿರೋತ್, ಆ ಹತ್ತು ದುಂಡುಗಳು. ತುದಿಯಲ್ಲಿ ಕೆತೆರ್, ಅಂದರೆ ಕಿರೀಟ. ಬಲಗಡೆ ಹೆಸೆದ್, ಕರುಣೆ. ಎಡಗಡೆ ಗೆವುರಾ, ಕಟ್ಟುನಿಟ್ಟು. ಎರಡನ್ನೂ ತೂಗಿಸುತ್ತಾ ನಡುವೆ ತಿಫೆರೆತ್. ತೀರಾ ಕೆಳಗೆ ಮಲ್ಖುತ್, ನಮ್ಮ ಲೋಕಕ್ಕೆ ತಾಗಿಕೊಂಡಿರುವುದು. ದುಂಡುಗಳನ್ನು ಕೂಡಿಸುವ ಗೆರೆಗಳು ಕಾಲುವೆಗಳು. ಹೀಬ್ರೂವಿನ 22 ಅಕ್ಷರಗಳನ್ನು ಆ ಕಾಲುವೆಗಳಿಗೆ ಹಂಚುತ್ತಾರೆ.

ಆದರೆ ನಿನ್ನ ಟೀ ಶರ್ಟಿನಲ್ಲಿ ಇರುವುದು ಬರೀ ಅಸ್ಥಿಪಂಜರ. ನನಗೆ ಬೇಜಾರಾಗುವುದು ಅಲ್ಲೇ. ನಿಜವಾದ ಮರ ಇರುವುದು ತೊಗಲಿನ ಸುರುಳಿಗಳಲ್ಲಿ. ಹೀಬ್ರೂವಿನಲ್ಲಿ ಮರಕ್ಕೆ ಇಲಾನ್ ಅನ್ನುತ್ತಾರೆ. ಈ ಸುರುಳಿಗೂ ಅದೇ ಹೆಸರು, ಜಾಸ್ತಿ ಇದ್ದರೆ ಇಲಾನೋತ್. ಅಂಥ ಒಂದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಎಷ್ಟೋ ಹೊತ್ತು ನೋಡಿದೆ. ದುಂಡಿನ ನಟ್ಟನಡುವೆ ಸಣ್ಣ ತೂತು. ಕೈವಾರದ ಮೊನೆ ಊರಿದ ಗುರುತು ಅದು! ದುಂಡಿನ ಒಳಗೆಲ್ಲ ಇರುವೆ ಸಾಲಿನಂಥ ಅಕ್ಷರ. ಅಂಚಿನಲ್ಲೂ ಬರಹ, ಗೆರೆಯ ಜೊತೆಗೇ ಬಾಗುತ್ತಾ ಹೋಗುತ್ತದೆ. ಓದಬೇಕು ಅಂದರೆ ಕತ್ತು ತಿರುಗಿಸಬೇಕು, ಇಲ್ಲವೇ ತೊಗಲನ್ನೇ ತಿರುಗಿಸಬೇಕು. ಅಲ್ಲಿ ಚಿತ್ರ ಬೇರೆ, ಬರಹ ಬೇರೆ ಅಲ್ಲವೇ ಅಲ್ಲ.

ಹಳೆಯ ಮರ ಒಂದು ಹಾಳೆಯಲ್ಲೇ ಹಿಡಿಸುತ್ತಿತ್ತು. ಅದನ್ನು ಉದ್ದಕ್ಕೆ ಬೆಳೆಸಿದ್ದು ಸಫೇದ್ ಊರಿನ ಕಬ್ಬಾಲಾ ಗುರು ಐಸಾಕ್ ಲೂರಿಯಾ ಅವರ ಪಾಠ. ಈಗಿನ ಇಸ್ರೇಲಿನ ಗಲಿಲೀ ಬೆಟ್ಟದ ಆ ಊರಿಗೆ ಅವರು ಬಂದದ್ದು 1570ರಲ್ಲಿ. 1572ರಲ್ಲಿ ತೀರಿಕೊಂಡರು, ಇನ್ನೂ ನಲವತ್ತೂ ಆಗಿರಲಿಲ್ಲ. ತಾವಾಗಿ ಬರೆದಿಟ್ಟದ್ದು ತೀರಾ ಕಡಿಮೆ. ಶಿಷ್ಯ ಹಯೀಮ್ ವಿಟಾಲ್ ಬರೆದುಕೊಂಡದ್ದೇ ಮುಂದೆ ಉಳಿಯಿತು. ಅವರ ಪಾಠ ಹೀಗೆ: ಏನ್ ಸೋಫ್ ತನ್ನನ್ನು ತಾನೇ ಕುಗ್ಗಿಸಿಕೊಂಡು ಲೋಕಕ್ಕೆ ಜಾಗ ಬಿಟ್ಟಿತು. ಆ ಜಾಗಕ್ಕೆ ಬೆಳಕು ಇಳಿಯಿತು, ಅದನ್ನು ತುಂಬಿಕೊಂಡ ಪಾತ್ರೆಗಳು ತಡೆಯಲಾರದೆ ಒಡೆದವು. ಆಮೇಲೆ ಎಲ್ಲ ಮತ್ತೆ ಕೂಡಿಕೊಂಡು ದೇವರ ಮುಖಗಳಾದವು, ಒಂದರ ಕೆಳಗೆ ಒಂದು ನಾಲ್ಕು ಲೋಕಗಳಾದವು. ಇಷ್ಟೆಲ್ಲ ಒಂದು ಹಾಳೆಯಲ್ಲಿ ಎಲ್ಲಿ ಹಿಡಿಸಬೇಕು ಹೇಳು? ತೊಗಲಿಗೆ ತೊಗಲು ಸೇರಿಸಿದರು. ಕೆಲವು ಸುರುಳಿ ಹಲವು ಮೀಟರ್ ಉದ್ದ. 17ನೇ ಶತಮಾನದಲ್ಲಿ ಕಬ್ಬಾಲಾ ಪಂಡಿತ ಮೇಯಿರ್ ಪೋಪರ್ಸ್ ರೂಪಿಸಿದ ದೊಡ್ಡ ಮರವನ್ನು ತಲೆಮಾರುಗಟ್ಟಲೆ ನಕಲು ಮಾಡಿದರು. 1864ರಲ್ಲಿ ವಾರ್ಸಾದಲ್ಲಿ ಅದು ಅಚ್ಚೂ ಆಯಿತು. ಬಾಗ್ದಾದಿನಲ್ಲೂ ಇಂಥ ಸುರುಳಿ ಬರೆಯುವವರಿದ್ದರು. ಕೆಲವರು ಸಣ್ಣ ಸುರುಳಿಗಳನ್ನು ತಾಯಿತದ ಹಾಗೆ ಕಾಪಾಡಿಕೊಂಡರು.

ಈ ಸುರುಳಿಯನ್ನು ಒಟ್ಟಿಗೆ ಬಿಚ್ಚಿ ಒಂದೇ ನೋಟಕ್ಕೆ ನೋಡಲು ಆಗುವುದಿಲ್ಲ. ಮೇಲಿನಿಂದ ಸ್ವಲ್ಪ ಬಿಚ್ಚಬೇಕು, ಓದಬೇಕು, ಅಷ್ಟನ್ನು ಸುತ್ತಿಕೊಳ್ಳುತ್ತಾ ಕೆಳಗೆ ಇಳಿಯಬೇಕು. ಬೆಳಕು ಲೋಕದಿಂದ ಲೋಕಕ್ಕೆ ಇಳಿದು ಬಂತಲ್ಲ, ಓದುವವನ ಕೈಯೂ ಅದೇ ದಾರಿಯಲ್ಲಿ ಇಳಿಯುತ್ತದೆ. ಅದನ್ನೇ ಪುಸ್ತಕದ ಪುಟಗಳಾಗಿ ಕತ್ತರಿಸಿದರೆ ಆ ಇಳಿತವೇ ತಪ್ಪಿಹೋಗುತ್ತದೆ. ಹಾಗಾಗಿ ನನಗೆ ಇದನ್ನು ಸುಮ್ನೆ ಚಿತ್ರ ಅನ್ನಲು ಮನಸ್ಸು ಬರುವುದಿಲ್ಲ. ಕೈಯಲ್ಲಿ ಹಿಡಿದು ಮಾಡುವ ಧ್ಯಾನ ಅನ್ನಿಸುತ್ತದೆ.

ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದವರು ಈ ಸುರುಳಿಗಳನ್ನು ಹುಡುಕಿ, ಓದಿ, ಪಟ್ಟಿ ಮಾಡುತ್ತಿದ್ದಾರೆ. ಆಕ್ಸ್‌ಫರ್ಡಿನ ಬೋಡ್ಲಿಯನ್ ಲೈಬ್ರರಿಯಲ್ಲೂ ಒಂದು ಅದ್ಭುತವಾದ ತೊಗಲಿನ ಹಾಳೆ ಇದೆ. ಭಾನುವಾರ ಬಿಡುವಾಗಿ ಮನೆಗೆ ಬಾ, ದೊಡ್ಡ ಪರದೆಯಲ್ಲಿ ತೋರಿಸುತ್ತೇನೆ. ಮೊಬೈಲಿನಲ್ಲಿ ಮಾತ್ರ ನೋಡಬೇಡ. ಕೆತೆರ್‌ನಿಂದಲೇ ಶುರು ಮಾಡೋಣ, ನಿಧಾನಕ್ಕೆ.

ನಿನ್ನ ಗೆಳೆಯ